ಸೂಜಿ ಇಳಿಯದ ಜಾಗ

ಆರೂವರೆಯ ಪ್ಯಾಸೆಂಜರ್ ಬೀರೂರು ಬಿಟ್ಟ ಮೇಲೆ
ಮೈದಾನದ ಶೆಡ್ಡಿನ ಬೀಗ ತೆಗೆಯುತ್ತೇನೆ.
ಮೊದಲು ಮೂಗಿಗೆ ಸಿಗುವುದು ಹುಲ್ಲಲ್ಲ,
ಸೀಮೆಎಣ್ಣೆ, ಒದ್ದೆ ಗೋಣಿ, ಸುಣ್ಣದ ಪುಡಿ.
ಆಮೇಲೆ ಕತ್ತಲಲ್ಲಿ ಒಬ್ಬೊಬ್ಬರೇ ಕಾಣುತ್ತಾರೆ:
ಹೊಟ್ಟೆ ಉಬ್ಬಿದ ರೋಲರು,
ಎರಡು ಹಲ್ಲು ಉದುರಿಸಿಕೊಂಡ ಹಲುಬೆ,
ಸಾಣೆ ಹಿಡಿಸಿದ ವಾರವಷ್ಟೇ ಮಾತು ಕೇಳುವ ಹುಲ್ಲಿನ ಮಿಷನ್ನು,
ಮೂಲೆಯಲ್ಲಿ, ಸ್ಕೂಟರಿನ ಶಾಕ್‌ಅಬ್ಸಾರ್ಬರ್ ಕೊಯ್ದು
ವೆಲ್ಡಿಂಗ್ ಅನ್ವರ್ ಸಾಬರು ಮಾಡಿಕೊಟ್ಟ
ಮಣ್ಣು ಎತ್ತುವ ಕೊಳವೆ.

ಅದನ್ನು ಹಿಡಿಯಲು ಕಲಿಸಿದವರು ಓಂಕಾರಬೋವಿ.
ರಿಟೈರಾಗಿ ನಾಲ್ಕು ವರ್ಷ, ಈಗಲೂ ದಿನಾ ಬರುತ್ತಾರೆ.
"ತಿರುವಬೇಡ ಕಣವ್ವ, ಮೈಭಾರ ಬಿಡು.
ಅವಸರ ಮಾಡಿದರೆ ಮಣ್ಣು ಸುಳ್ಳು ಹೇಳುತ್ತದೆ."
ಏಳಂಗುಲ ಇಳಿಸಿ, ಉಸಿರು ಕಟ್ಟಿ ಎತ್ತಿ,
ಗೋಣಿಯ ಮೇಲೆ ಮೆಲ್ಲಗೆ ತಳ್ಳಿದರೆ
ಕಬ್ಬಿನ ಜಲ್ಲೆಯ ಹಾಗೆ ಮಲಗುತ್ತದೆ ಮೈದಾನ.
ಮೇಲೆ ಬೇರಿನ ಸಿಕ್ಕು.
ಕೆಳಗೆ ಒಂದು ಬೆರಳು ಅಜ್ಜಂಪುರದ ಎರೆ,
ಲಾರಿಯಲ್ಲಿ ಬಂದಾಗ ನಾನು ಏಳನೇ ಕ್ಲಾಸು.
ಅದರಡಿ ಇದ್ದಿಲಿನ ತೆಳು ಗೆರೆ:
ಸಾಮೂಹಿಕ ಮದುವೆಗೆ ಹನ್ನೆರಡು ಒಲೆ ಹೂಡಿದ್ದರಂತೆ,
ಪಾಯಸ ಸೀದಿತ್ತಂತೆ.
ಇನ್ನೂ ಕೆಳಗೆ ಕೆಂಪು ಜಲ್ಲಿ,
ಯಾರದೋ ಹೆಲಿಕಾಪ್ಟರ್ ಇಳಿಯಲೆಂದು ಹಾಕಿದ್ದು.
ಹೆಲಿಕಾಪ್ಟರ್ ಬರಲಿಲ್ಲ, ಜಲ್ಲಿ ಹೋಗಲಿಲ್ಲ.
ಆಮೇಲೆ ಬರೀ ಮಣ್ಣು.
ಅದರ ಬಗ್ಗೆ ಬೋವಿಯವರೂ ಏನೂ ಹೇಳುವುದಿಲ್ಲ.

ಈ ಸಲ ಇಲಾಖೆಯಿಂದ ಹೊಸದೊಂದು ಬಂತು.
ಮೊಣಕಾಲೆತ್ತರದ ಉಕ್ಕಿನ ಸೂಜಿ, ತಲೆಗೆ ಗಡಿಯಾರದಂಥ ಮುಖ.
ಒತ್ತಿದರೆ ಮುಳ್ಳು ತಿರುಗಿ
ನೆಲ ಎಷ್ಟು ಬಿಗಿದುಕೊಂಡಿದೆ ಅನ್ನುತ್ತದೆ:
ಹಸಿರು, ಹಳದಿ, ಕೆಂಪು.
ಬೋವಿಯವರು ತಿರುಗಿಸಿ ಮುರುಗಿಸಿ ನೋಡಿ
"ನನ್ನ ಸ್ಕ್ರೂಡ್ರೈವರಿಗೆ ಮುಖ ಇರಲಿಲ್ಲ, ಅಷ್ಟೇ" ಅಂದರು.
ಅಂದವರು ಸಂಜೆಯವರೆಗೂ ಅದನ್ನು ನನ್ನ ಕೈಗೆ ಕೊಡಲಿಲ್ಲ.

ಹತ್ತು ಹೆಜ್ಜೆಗೊಂದು ಕಡೆ ಚುಚ್ಚುತ್ತಾ ಹೋದೆವು.
ಗೋಲಿನ ಬಾಯಲ್ಲಿ ಗಟ್ಟಿ, ಗೊತ್ತಿದ್ದದ್ದೇ.
ಬೌಲರು ಓಡಿಬರುವ ದಾರಿ ಗಟ್ಟಿ.
ಪೊಲೀಸ್ ಭರ್ತಿಗೆ ಹುಡುಗರು ಸುತ್ತಿದ ಸುತ್ತು ಇನ್ನೂ ಗಟ್ಟಿ.
ಆದರೆ ಮುಳ್ಳು ಕೆಂಪಿಗೆ ಹೋಗಿ ನಿಂತುಬಿಟ್ಟದ್ದು,
ಸೂಜಿ ಅರ್ಧ ಅಂಗುಲವೂ ಇಳಿಯದ್ದು,
ಗೆರೆಯ ಆಚೆ, ಗೇಟಿನ ಪಕ್ಕ, ತಂತಿಬೇಲಿಯ ಬುಡದಲ್ಲಿ.
ಯಾರೂ ಯಾವತ್ತೂ ಆಡದ ಜಾಗ.
"ಇಲ್ಲೇನು ಎಮ್ಮೆ ಕಟ್ಟುತ್ತಿದ್ದರಾ?" ಅಂದರು ಬೋವಿಯವರು.

ನಾನು ಹೇಳಲಿಲ್ಲ.
ನಾನು, ದೇವೀರಿ, ಫರ್ಜಾನಾ, ಸ್ಟೇಷನ್ ಮಾಸ್ಟರ ಮಗಳು ಹೇಮಲತಾ,
ನಮಗಿಂತ ಮೊದಲು ನಮ್ಮ ಅಕ್ಕಂದಿರು.
ಹುಡುಗರದು ಮುಗಿದ ಮೇಲೆ ನಿಮಗೆ, ಅಂದಿದ್ದರು ಮೇಷ್ಟ್ರು.
ಹುಡುಗರದು ಮುಗಿಯುತ್ತಿದ್ದದ್ದು ಕತ್ತಲಿಗೆ.
ಬೆನ್ನಿಗೆ ಬ್ಯಾಗು, ಕೈಯಲ್ಲಿ ಚಪ್ಪಲಿ,
ಈ ಕಾಲು ಆ ಕಾಲು ಬದಲಿಸುತ್ತಾ ನಿಂತಿದ್ದೆವು.
ನಾವು ಅಷ್ಟು ಭಾರ ಅಂತ ಯಾರಿಗೆ ಗೊತ್ತಿತ್ತು.

ಕಚೇರಿಯ ಹಾಳೆಯ ಪ್ರಕಾರ
ಮರಳು, ಗೊಬ್ಬರ, ನೀರು ಗೆರೆಯ ಒಳಗಷ್ಟೇ.
ಶನಿವಾರ ರಾತ್ರಿ ಬೇಲಿಯ ಬುಡಕ್ಕೆ ಎರಡು ಡ್ರಮ್ಮು ಕುಡಿಸಿದೆ.
ಭಾನುವಾರ ನಾಲ್ಕು ಮುಳ್ಳಿನ ಫೋರ್ಕು ಹಿಡಿದು ಹೋದೆ.
ಕಾಲಿಟ್ಟು ಒತ್ತಿ, ಹಿಡಿಯನ್ನು ಚೂರೇ ಚೂರು ಹಿಂದಕ್ಕೆ ಬಾಗಿಸಿ, ಎತ್ತಿ,
ಒಂದು ಗೇಣು ಸರಿದು ಮತ್ತೆ.
ನೆಲ ಹಳೆಯ ಮಂಚದ ಹಾಗೆ ಕಿರ್ ಅಂತು.
ತೂತುಗಳಿಗೆ ಮರಳು ಸುರಿದು ಪೊರಕೆ ಆಡಿಸಿದೆ.
ಬಳೆಯ ಚೂರೊಂದು ಬಂತು, ಹಸಿರು.
ತುಕ್ಕು ಹಿಡಿದ ಹೇರ್‌ಪಿನ್ನೊಂದು.
ನನ್ನದಲ್ಲ. ನನ್ನದಿರಲೂಬಹುದು.

ಎಂಟನೇ ವಾರ ಸೂಜಿ ಇಳಿಯಿತು,
ಎರಡೂಮುಕ್ಕಾಲು ಅಂಗುಲ.
ಮೂರು ಅಂತ ಬರೆಯಬಹುದಿತ್ತು, ಬರೆಯಲಿಲ್ಲ.
ಬೋವಿಯವರು ಬಗ್ಗಿ ನೋಡಿ
"ಗರಿಕೆ ಆಚೆಯಿಂದ ಬರ್ತಾ ಇದೆಯಲ್ಲ" ಅಂದರು,
ಮತ್ತೇನೂ ಕೇಳಲಿಲ್ಲ.

ರೋಲರಿನ ಎಡಗಡೆ ಬೇರಿಂಗು ಕಿರುಗುಟ್ಟುತ್ತಿದೆ, ಗ್ರೀಸು ಬೇಕು.
ನಾಲ್ಕೂವರೆಗೆ ಹುಡುಗಿಯರ ಖೋಖೋ,
ಇನ್ನೂ ಸುಣ್ಣ ಎಳೆದಿಲ್ಲ.